ಪೆಟ್ಟಿಗೆಯ ಒಪ್ಪಿಗೆ

ಶಾವಿಗೆ ಕಾರ್ಖಾನೆಯ ಹಿಟ್ಟಿನ ಧೂಳಿನಲ್ಲೇ ಮುಪ್ಪಾದ ಸರ್ವರ್ ಪೆಟ್ಟಿಗೆಯ ಮುಂದೆ ಒಡತಿ ಗುರಸಿದ್ದವ್ವ ಚಾಪೆ ಹಾಸಿ ಕೂತಳು. ಅದು ಕೆಟ್ಟು ನಿಲ್ಲುವ ಮೊದಲು ಅದರೊಳಗಿನ ಇ-ಮೇಲ್‌ಗಳೆಲ್ಲ ಕ್ಲೌಡಿಗೆ ಹೋಗದಿದ್ದರೆ ದೀಪಾವಳಿಯ ಆರ್ಡರುಗಳು ಮುಳುಗಿದಂತೆಯೇ. ಆದರೆ ಎಲ್ಲ ಪೆಟ್ಟಿಗೆಗಳಂತೆ ಇದೂ ತಾನಾಗಿ ಒಪ್ಪಿ ಕೊಡಬೇಕಲ್ಲ.

“ನನ್ನ ಕೈಲಾಗೂದಿಲ್ಲಂತ ಯಾರ ಹೇಳಿದ್ರಬೇ?” ಎಂದಿತು ಪೆಟ್ಟಿಗೆ.

“ನಿನ್ನ ಕೆಮ್ಮ ಹೇಳೇತಿ. ನೀ ಕೊಡೂತನಾ ನಾ ಏಳಂಗಿಲ್ಲ ನೋಡು.”

ಮಧ್ಯಾಹ್ನ ಆಕೆ ರೊಟ್ಟಿಯನ್ನೂ ಅಲ್ಲೇ ತಿಂದಳು. ಸಂಜೆಗೆ ಪೆಟ್ಟಿಗೆ ಸೋತು ಎಲ್ಲವನ್ನೂ ಬಿಟ್ಟುಕೊಟ್ಟಿತು, ಕಾರ್ಖಾನೆಗೆ ಬಂದ ಮೊಟ್ಟಮೊದಲ ಆರ್ಡರೊಂದನ್ನು ಉಳಿದು.

“ಇದನ್ನೂ ಕೊಟ್ರ ನನ್ನ ಹತ್ರ ಏನ ಉಳೀತು?”

ಗುರಸಿದ್ದವ್ವ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ, ಧೂಳು ಬಾರದ ಕಿಟಕಿಯ ಬಳಿ ಇಟ್ಟಳು.

“ಇಟ್ಕೋ. ದಿನಾ ನಾ ಬಾಗಲಾ ತಗದ ಕೂಡ್ಲೆ ಅದನ್ನ ಓದಿ ಹೇಳು. ಇನ್ನ ಅದ ನಿನ್ನ ಕೆಲಸ.”