ಯಾರಿಗೆ ತಿಳಿಸಬೇಕು?

'ಏನಾದರೂ ಆದರೆ ಯಾರಿಗೆ ತಿಳಿಸಬೇಕು?' ಎಂಬ ಸಾಲಿಗೆ ಬಂದಾಗ ಅಮಿತಾಳ ಪೆನ್ನು ನಿಂತುಬಿಟ್ಟಿತು. ಟೊರಾಂಟೊದ ಸೇನಾ ಕಚೇರಿಯಲ್ಲಿ ಕ್ಲರ್ಕ್ ಆಗಿದ್ದ ಅವಳು ಅಫ್ಘಾನಿಸ್ತಾನದ ಕಂದಹಾರದ ಯುದ್ಧಕ್ಕೆ ಹೊರಟವರ ಫಾರಂಗಳನ್ನು ದಿನವೂ ತುಂಬುತ್ತಿದ್ದಳು. ಹೋದ ತಿಂಗಳು ಅಂಥ ಎರಡು ಫಾರಂಗಳನ್ನು ಕಪಾಟಿನಿಂದ ಹುಡುಕಿ ತೆಗೆದು, ಸಾವಿನ ಸುದ್ದಿ ಮುಟ್ಟಿಸಲು ಹೊರಟ ಅಧಿಕಾರಿಗೆ ಕೊಟ್ಟವಳೂ ಅವಳೇ. ಇವತ್ತು ಮೇಜಿನಾಚೆ ಕುಳಿತಿದ್ದವನು ಅವಳ ತಮ್ಮ ಧ್ರುವ.

"ಅಮ್ಮನ ಹೆಸರು ತಾನೇ?" ಎಂದಳು.

"ಬೇಡ ಅಕ್ಕಾ. ಸ್ಟ್ರೀಟ್ಸ್‌ವಿಲ್‌ನಲ್ಲಿರೋ ಮನೆ ಬಾಗಿಲಿಗೆ ಯೂನಿಫಾರ್ಮ್‌ನೋರು ಬಂದ್ ನಿಂತ್ರೆ ಅಮ್ಮ ಅಲ್ಲೇ ಕುಸಿದುಬಿಡ್ತಾಳೆ. ನಿನ್ ಹೆಸರು ಹಾಕು. ನೀನೇ ಹೋಗಿ ಹೇಳು, ಕನ್ನಡದಲ್ಲಿ."

"ಏನಂತ ಹೇಳ್ಲೋ?"

ಧ್ರುವ ಟೋಪಿಯನ್ನು ಮೇಜಿನ ಮೇಲಿಟ್ಟು ಖಾಲಿ ಸಾಲನ್ನು ಬೆರಳಿನಿಂದ ತೋರಿಸಿದ. "ಮೊದ್ಲು ಬರಿ, ಅಕ್ಕಾ."

ಅವಳು ತನ್ನ ಹೆಸರು ಬರೆದಳು. ಸಂಬಂಧದ ಮುಂದೆ 'ಅಕ್ಕ' ಎಂದು ತುಂಬಿದಳು. ಕೊನೆಗೆ ಫೋನ್ ನಂಬರು. ಆರು ವರ್ಷದಿಂದ ಇದ್ದ ತನ್ನದೇ ನಂಬರು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಧ್ರುವ ಮುಂದಕ್ಕೆ ಬಾಗಿ, ಮೆಲ್ಲಗೆ, ಒಂದೊಂದೇ ಅಂಕಿ ಹೇಳತೊಡಗಿದ.