ರುಚಿ ನೋಡುವವಳ ನಾಲಿಗೆ

ನಾಲಿಗೆ ಸತ್ತವಳ ಕೈಗೆ ಚಮಚ ಕೊಟ್ಟು, ಅವಳು ‘ಸಾಕು’ ಅನ್ನುವವರೆಗೂ ಕಾರ್ಖಾನೆಯವರು ನೂಡಲ್ಸ್ ಮಸಾಲೆಗೆ ಉಪ್ಪು ಸುರಿದರು. ಅವಳ ನಾಲಿಗೆ ಸತ್ತಿದೆಯೆಂದು ಅವರಿಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಅವಳ ಮಗಳು ಎದ್ದಾಗ ರೆಪ್ಪೆಗಳು ಊದಿಕೊಂಡು ಕಣ್ಣೇ ಕಾಣುತ್ತಿರಲಿಲ್ಲ. ಕಾಲುಚೀಲ ಬಿಚ್ಚಿದರೆ ಅದರ ಗೆರೆ ಕಾಲಿನ ಮೇಲೆ ಕೊರೆದಂತೆ ಉಳಿಯುತ್ತಿತ್ತು. ಡಾಕ್ಟರು ಹುಡುಗಿಯ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಯಂತ್ರ ಕೆಟ್ಟಿರಬೇಕೆಂದು ಇನ್ನೊಂದನ್ನು ತರಿಸಿ ನೋಡಿದರು. ಆಮೇಲೆ ಹುಡುಗಿಯನ್ನು ಹೊರಗೆ ಕೂರಿಸಿ, “ಇದು ಅಜ್ಜಿಯರಿಗೆ ಬರೋ ಬಿ.ಪಿ. ಕಣಮ್ಮ. ಇಷ್ಟು ಎಳೇ ಕಿಡ್ನಿ ಎಲ್ಲಿವರೆಗೆ ತಡಿಯುತ್ತೆ? ಏನು ತಿನ್ನಿಸ್ತಿದ್ದೀರಿ?” ಅಂದರು.

“ಹೊರಗಿಂದು ಏನೂ ಕೊಡಲ್ಲ ಡಾಕ್ಟ್ರೇ. ಎಲ್ಲಾ ಮನೇದೇ.”

ಅವಳು ಸುಳ್ಳು ಹೇಳಿದ್ದಲ್ಲ. ರುಚಿ ನೋಡಲೆಂದು ಒಡೆದ ಪೊಟ್ಟಣಗಳನ್ನು ಮನೆಗೆ ಒಯ್ಯಬಹುದು ಎಂಬುದು ಅವಳ ಕೆಲಸಕ್ಕಿದ್ದ ಒಂದೇ ಸವಲತ್ತು. ಬೆಳಿಗ್ಗೆ ನೂಡಲ್ಸ್, ಸಂಜೆ ನೂಡಲ್ಸ್, ಉಳಿದ ಪುಡಿ ಬ್ರೆಡ್ಡಿನ ಮೇಲೆ. ಅಮ್ಮನ ಕೈಯಿಂದ ಬಂದದ್ದು, ಅಮ್ಮನ ಡಬ್ಬಿಯಲ್ಲಿದ್ದದ್ದು. ಅದು ಹೊರಗಿನದು ಹೇಗಾದೀತು?

“ಏನೇ ಇರ್ಲಿ, ಪೊಟ್ಟಣದ ತಿಂಡಿ ಅನ್ನೋದು ಮನೆಯೊಳಗೆ ಇರಬಾರ್ದು. ಉಪ್ಪು ಚಿಟಿಕೆ, ಅಷ್ಟೇ” ಅಂದರು ಡಾಕ್ಟರು.

ಆ ಸಂಜೆ ಅವಳು ಆಲೂಗಡ್ಡೆ ಬೇಯಿಸಿ ಹಿಸುಕಿ ಚಿಟಿಕೆ ಉಪ್ಪು ಹಾಕಿದಳು. ರುಚಿ ನೋಡಿದರೆ ಬರೀ ಸಪ್ಪೆ. ಇನ್ನೊಂದು ಚಿಟಿಕೆ ಹಾಕಿದಳು. ಮಗಳು ಬಾಯಿಗಿಟ್ಟು, “ಥೂ, ಹತ್ತಿ ತಿಂದಂಗಿದೆ” ಎಂದು ತಟ್ಟೆ ತಳ್ಳಿದಳು. ಪಾಪ, ಮಗು ಉಪವಾಸ ಬೀಳಬಾರದಲ್ಲ. ಮತ್ತಷ್ಟು ಹಾಕಿದಳು. ಮಗಳು ತಟ್ಟೆ ಎಳೆದುಕೊಂಡಳು.

ಅಷ್ಟರಲ್ಲಿ ಮೇಲಿನ ಮನೆಯ ಟೈಲರ್ ಅಕ್ಕ ಬಂದಳು. ಮಗಳ ಸ್ಕೂಲ್ ಯೂನಿಫಾರಂ ಬಿಗಿಯಾಗಿತ್ತು. ಸೊಂಟದ ಹೊಲಿಗೆ ಬಿಚ್ಚಿ ಸಡಿಲ ಮಾಡಿ ತಂದಿದ್ದಳು. ಸಲಿಗೆಯಿಂದ ಪಾತ್ರೆಗೆ ಬೆರಳು ಹಾಕಿ ನೆಕ್ಕಿದವಳೇ ಸಿಂಕಿನ ಕಡೆ ಓಡಿ ಉಗಿದಳು.

“ಅಯ್ಯೋ ನಿನ್ನ! ಉಪ್ಪಿನ ಡಬ್ಬೀನೇ ಬೋರಲು ಹಾಕಿದ್ಯೇನೇ? ಗಂಟಲು ಸುಟ್ಟುಹೋಯ್ತು!”

“ತಮಾಷೆ ಸಾಕು ಅಕ್ಕಾ. ಊರಿಗೆಲ್ಲ ರುಚಿ ನೋಡೋಳು ನಾನು. ನನಗೇ ಹೇಳ್ತೀಯಾ?”

“ನಿನ್ನ ರುಚಿಗಿಷ್ಟು ಬೆಂಕಿ ಹಾಕ! ಮಗೂಗೆ ಕೊಟ್ಟುಬಿಟ್ಟೀಯಾ ಅದನ್ನ!”

ಇಬ್ಬರೂ ತಿರುಗಿ ನೋಡಿದರು. ತಟ್ಟೆ ಖಾಲಿಯಾಗಿತ್ತು. ಮಗಳು ಬೆರಳು ಚೀಪುತ್ತ, “ಚೆನ್ನಾಗಿತ್ತಮ್ಮ. ಮೇಲೆ ಒಂಚೂರು ಮಸಾಲೆ ಉದುರ್ಸಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಅಂದಳು.

ತಾಯಿ ಡಬ್ಬಿಗೆ ಕೈ ಹಾಕಿ ಬರೀ ಉಪ್ಪನ್ನೇ ಬಾಯಿಗೆ ಸುರಿದುಕೊಂಡಳು. ಮರಳು ಅಗಿದಂತಾಯಿತು, ಅಷ್ಟೇ.

ಮರುದಿನ ಮಿಕ್ಸಿಂಗ್ ಡ್ರಮ್ಮಿನ ಪಕ್ಕದಲ್ಲಿ ಸೂಪರ್‌ವೈಸರ್ ಕುದಿಸಿದ ಮಸಾಲೆಯ ಬಟ್ಟಲು ಹಿಡಿದು ನಿಂತಿದ್ದ. “ಬನ್ನಿ ನಾಲಿಗೆ ಅಕ್ಕ. ನಿಮ್ಮದೊಂದು ‘ಸಾಕು’ ಬಿದ್ರೆ ಲಾರಿ ಹೊರಡುತ್ತೆ.”

“ಸರ್, ನಂಗೆ ಉಪ್ಪು ಗೊತ್ತಾಗ್ತಿಲ್ಲ. ಮೊದಲಿಂದ ಗೊತ್ತಾಗ್ತಿಲ್ವೇನೋ. ನಾನು ಹೇಳಿದ ಲೆಕ್ಕವೆಲ್ಲ ತಪ್ಪು ಸರ್. ಕಡಿಮೆ ಮಾಡಿ.”

ಅವನು ಗಾಬರಿಯಾಗಲಿಲ್ಲ. ನಕ್ಕ. “ಅದು ನಮಗೆ ಗೊತ್ತಿಲ್ವಾ? ಅದಕ್ಕೇ ಅಲ್ವಾ ನಿಮ್ಮನ್ನ ಇಟ್ಕೊಂಡಿರೋದು! ನಾಲಿಗೆ ಚುರುಕಾಗಿರೋರು ಬೇಗ ‘ಸಾಕು’ ಅಂದ್ಬಿಡ್ತಾರೆ. ನಮ್ಮ ಪೊಟ್ಟಣ ತಿನ್ನೋ ಮಕ್ಕಳ ನಾಲಿಗೆ ನಿಮ್ಮ ಥರಾನೇ ಆಗಿದೆ ಅಕ್ಕ. ನಿಮಗೆ ರುಚಿ ಹತ್ತಿದ್ರೆ ಅವಕ್ಕೂ ಹತ್ತುತ್ತೆ.”

ಡ್ರಮ್ಮು ತಿರುಗುತ್ತಲೇ ಇತ್ತು. ಗೋಡೆಗೆ ಒರಗಿಸಿದ ರಟ್ಟಿನ ಪೆಟ್ಟಿಗೆಗಳ ಮೇಲೆಲ್ಲ ಒಂದೇ ಹುಡುಗಿ, ಕೆನ್ನೆ ಉಬ್ಬಿಸಿಕೊಂಡು ನಗುತ್ತಿದ್ದಳು. ಆ ಕೆನ್ನೆ ನಗುವಿಗೆ ಉಬ್ಬಿದೆಯೋ ನೀರು ತುಂಬಿ ಉಬ್ಬಿದೆಯೋ, ಅವಳಿಗೆ ಈಗ ಹೇಳಲಾಗಲಿಲ್ಲ.

“ಏನು ನೋಡ್ತಾ ನಿಂತ್ರಿ? ಇಷ್ಟು ವರ್ಷ ಕಂಪನಿ ಉಪ್ಪು ತಿಂದಿದ್ದೀರಿ, ಇದೊಂದು ಚಮಚ ಭಾರವಾಯ್ತಾ? ಇನ್ನೊಂದು ಉಪ್ಪಿನ ಚೀಲ ಬಿಚ್ಚಿಸೋದೋ ಬೇಡವೋ ಹೇಳಿ. ಬಾಯಿ ತೆಗೀರಿ.”

ಚಮಚ ತುಟಿಯವರೆಗೆ ಬಂತು. ಅದರ ಹಬೆ ಮೂಗಿಗೆ ಬಡಿಯಿತು. ‘ಇಲ್ಲ’ ಎನ್ನಬೇಕೆಂದರೂ ಬಾಯಿ ತೆರೆಯಬೇಕಲ್ಲ. ಅವಳು ಹಲ್ಲು ಕಚ್ಚಿ ಹಿಡಿದಳು. ಅವನು ಚಮಚವನ್ನು ಒತ್ತಿದ. ಬಿಸಿ ಮಸಾಲೆ ಗದ್ದದ ಮೇಲಿಂದ ಇಳಿದು, ಕುತ್ತಿಗೆಯ ಗುಂಟ ಹರಿದು ಸೀರೆಗೆ ತೊಟ್ಟಿಕ್ಕಿತು. ಒಂದು ಹನಿಯೂ ಒಳಗೆ ಹೋಗಲಿಲ್ಲ.