ಜುಲೈ ತಿಂಗಳ ನಕ್ಷತ್ರ

ಹೋದ ವರ್ಷ ಸೆಪ್ಟೆಂಬರಿನಲ್ಲಿ ಶುರುವಾಗಿದ್ದ ಕ್ರಿಸ್ಮಸ್ ಕಾಲ ಈ ಸಲ ಜುಲೈಗೇ ಬಂದಿತ್ತು. ಮನೆಮನೆಗೆ ನಕ್ಷತ್ರದೀಪ ತೂಗಿದ ಮೇಲೆ ಊರಿನಲ್ಲಿ ದುಃಖಕ್ಕೆ ಅನುಮತಿಯಿಲ್ಲ. ಸತ್ತವರನ್ನು ಜನವರಿಯವರೆಗೆ ಶೈತ್ಯಾಗಾರದಲ್ಲಿಡುತ್ತಾರೆ. ಇಗರ್ಜಿಯಲ್ಲಿ ಸಾವಿನ ಗಂಟೆ ಬಾರಿಸುವುದಿಲ್ಲ. ತನಗೆ ಆ ಗಂಟೆ ತಪ್ಪಬಾರದು, ಮನೆಗೆ ನಕ್ಷತ್ರ ಬೀಳುವ ಮೊದಲೇ ಹೋಗಿಬಿಡಬೇಕು ಎಂದು ಹಾಸಿಗೆ ಹಿಡಿದಿದ್ದ ಮುದುಕಿ ಸೆವ್ರಿನ್ ಬಾಯಿ ವಾರದಿಂದ ಗಂಜಿ ಮುಟ್ಟಿರಲಿಲ್ಲ.

ನಗರಸಭೆಯವನು ಏಣಿ ಹೊತ್ತು ಬಂದಾಗ ಮಗಳು ಐರಿನ್ ಬಾಗಿಲಿಗೆ ಅಡ್ಡ ನಿಂತಳು.

"ಎರಡು ದಿನ ಬಿಡಿ ಮಾರಾಯ್ರೆ. ಮಮ್ಮಿ ಇವತ್ತೋ ನಾಳೆಯೋ ಅಂತ ಇದ್ದಾರೆ."

"ಈ ಓಣಿಯಲ್ಲಿ ನಿಮ್ಮದೊಂದೇ ಬಾಕಿ ಬಾಯಮ್ಮ," ಎಂದು ಆತ ನಕ್ಷತ್ರ ತೂಗುಹಾಕಿ ಹೋದ.

ನಕ್ಷತ್ರದ ಬೆಳಕಿಗೆ ಒಳಗಿನ ಗೋಡೆ ಕೆಂಪಾಯಿತು.

"ಹಾಕಿ ಆಯ್ತಾ?" ತಾಯಿ ಕೇಳಿದರು.

ಐರಿನ್ ಒಂದು ಸುಳ್ಳಿಗಾಗಿ ತಡಕಾಡಿದಳು.

"ಗಂಜಿ ಉಂಟಾ?" ಎಂದರು ಸೆವ್ರಿನ್ ಬಾಯಿ. "ಕೊಡು. ಇನ್ನು ಜನವರಿ ತನಕ ಎಳೀಬೇಕಲ್ಲ."